ಎರಡು ತಿಂಗಳು ಮೊದಲೇ ಬಂದ ಎತ್ತುಗಳು

ಕಳೆದ ವಾರ ನಮ್ಮವ್ವ ಟ್ರಂಕು ಕಟ್ಟಿ ಬಾಗಿಲಲ್ಲಿ ಕೂತುಬಿಟ್ಟಳು. ಕಾರಣ? ಪುಣೆಯಲ್ಲಿ ಎತ್ತು ಸಿಗಲಿಲ್ಲ.

ನಿಜವಾದ ಎತ್ತಲ್ಲ, ಮಣ್ಣಿನದು. ಅಂದು ಮಣ್ಣೆತ್ತಿನ ಅಮಾವಾಸ್ಯೆ. ಧಾರವಾಡದಲ್ಲಾದರೆ ಕುಂಬಾರರೇ ಬುಟ್ಟಿ ಹೊತ್ತು ಮನೆಗೆ ಬರುತ್ತಾರೆ. ಇಲ್ಲಿಯ ಕುಂಬಾರ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಎತ್ತಿನ ಹಬ್ಬ ಪೋಳಾ ಬರೋದು ಶ್ರಾವಣದಲ್ಲಿ, ಸಾಹೇಬ. ಈಗ ಗಡಿಗೆ ಒಯ್ಯಿರಿ" ಎಂದ. ಒಂದು ಮುದ್ದೆ ಹಸಿಮಣ್ಣು ಬೇಡಿ ತಂದೆ.

"ಎತ್ತ ಇಲ್ಲದ ಊರಾಗ ನಾ ಹೆಂಗ ಇರ್ಲೋ? ನಾಳಿ ಗಾಡಿಗೆ ನನ್ನ ಕಳಸು" ಎಂದಳು ಅವ್ವ.

ಅಪ್ಪ ಹೋದ ಮೇಲೆ ಆರು ತಿಂಗಳು ಗೋಗರೆದು ಕರೆತಂದಿದ್ದೆ. ಮಣ್ಣಿನ ಎತ್ತಿಗಾಗಿ ಕಳೆದುಕೊಳ್ಳಲೇ?

ನನ್ನದು ಗುಮಾಸ್ತನ ಕೈ. ಆದರೂ ನಾವು ಬಾಡಿಗೆಗಿರುವ ವಾಡೆಯ ಅಂಗಳದಲ್ಲಿ, ನಲ್ಲಿಯ ಪಕ್ಕ ಕೂತು ಎರಡು ಎತ್ತು ಮಾಡಿದೆ. (ಅವು ಎತ್ತೆಂದು ನನಗಂತೂ ಗೊತ್ತಿತ್ತು.) ಅವ್ವ ಬಂದು ನೋಡಿದಳು.

"ಈ ಊರಾಗ ನಾಯಿ ಪೂಜಿ ಮಾಡ್ತಾರೇನು?"

ಅಷ್ಟರಲ್ಲಿ ಮನೆಯ ಮಾಲಕಿ ಕಾಕೂ ನೀರಿಗೆ ಬಂದರು. "ನಿಮ್ಮ ಕಾನಡಿ ಮಂದಿಗೆ ಪೋಳಾ ಎರಡು ತಿಂಗಳು ಮೊದಲೇ ಏನು?" ಎಂದು ಮರಾಠಿಯಲ್ಲಿ ಕೆಣಕಿದರು.

ನಮ್ಮ ಕಡೆ ಬಿತ್ತನೆಯ ಹೊತ್ತಿಗೇ ಎತ್ತಿಗೆ ಪೂಜೆ, ನಿಮ್ಮಲ್ಲಿ ದುಡಿತ ಮುಗಿದ ಮೇಲೆ ಎಂದೆ.

"ಅಂದರೆ ನೀವು ಮೊದಲೇ ಲಂಚ ಕೊಡುವವರು" ಎಂದರು ಕಾಕೂ. ಕೊಡ ಇಳಿಸಿ ಕುಕ್ಕರುಗಾಲಲ್ಲಿ ಕೂತು, ನನ್ನ ಎತ್ತಿಗೆ ಚಿವುಟಿ ಒಂದು ಡುಬ್ಬ ಎಬ್ಬಿಸಿದರು.

ಅವ್ವನಿಗೆ ತಡೆಯಲಾಗಲಿಲ್ಲ. "ಡುಬ್ಬ ಅಷ್ಟ ಹಿಂದ ಇರ್ತದೇನ್ರಿ? ಸರೀರಿ ಇತ್ತಾಗ."

ಕಾಕೂಗೆ ಕನ್ನಡ ಬಾರದು, ಅವ್ವನಿಗೆ ಮರಾಠಿ ಬಾರದು. ಆದರೂ ಕಾಕೂ ಸರಿದರು. ಒಬ್ಬರು ಕೊಂಬು, ಒಬ್ಬರು ಬಾಲ. ಮೇವು ಹಾಕಲು ಗ್ವಾದಲಿಯೂ ಆಯಿತು. ದುಭಾಷಿ ಎಂದು ನಿಂತಿದ್ದ ನನ್ನನ್ನು ನೀರು ತರಲು ಅಟ್ಟಿದರು.

ಸಂಜೆ ಪೂಜೆ. ಯುದ್ಧಕಾಲದ ರೇಶನ್ ಬೆಲ್ಲದಲ್ಲಿ ಎಷ್ಟಾದೀತು, ಅಷ್ಟೇ ಹೋಳಿಗೆ. ಕಾಕೂ ತುಪ್ಪ ಹಿಡಿದು ಬಂದರು. "ಇವನ್ನು ನೀರಿಗೆ ಬಿಡಬೇಡಿ. ನಮ್ಮ ಪೋಳಾಕ್ಕೂ ಇವೇ ಇರಲಿ" ಎಂದರು.

ಅವ್ವನಿಗೆ ಕನ್ನಡದಲ್ಲಿ ಹೇಳಿದೆ. ಅವಳು ನನ್ನ ಕೈ ನೋಡಿದಳು. "ಎರಡು ತಿಂಗಳ ಇವನ್ನ ಯಾರು ಕಾಯ್ತಾರ? ನಿನ್ನ ಕೈಯಾಗ ಕೊಟ್ರ ಮತ್ತ ನಾಯಿ ಆಗ್ತಾವ."

ಟ್ರಂಕು ಬಿಚ್ಚಿದಳು. ಸೀರೆಗಳು ಗೂಟಕ್ಕೆ ಹೋದವು, ಎತ್ತುಗಳು ಟ್ರಂಕಿಗೆ.

ಪುಣೆಗೆ ಬಂದು ಹನ್ನೆರಡು ವರ್ಷವಾದರೂ ಆಫೀಸಿನಲ್ಲಿ ನಾನು 'ಕಾನಡಿ'. ಧಾರವಾಡಕ್ಕೆ ಹೋದರೆ 'ಪುಣೇಕರ'. ನನ್ನ ಮಾತು ಬಿಡಿ. ಪುಣೆಯ ಮಣ್ಣು, ಧಾರವಾಡದ ಕೊಂಬು, ಕಾಕೂ ಕೊಟ್ಟ ಬಾಲ: ನಮ್ಮ ಟ್ರಂಕಿನಲ್ಲಿರುವ ಆ ಎತ್ತುಗಳು ಯಾವ ಊರಿನವು, ಹೇಳಿ ನೋಡೋಣ?