ಎತ್ತಿನ ಪಕ್ಕೆಯ ಮೇಲಿನ ಕೈ

ಕಾರಹುಣ್ಣಿಮೆ ಅಂದರೆ ನಮ್ಮ ಧಾರವಾಡದ ಕಡೆ ಎತ್ತುಗಳ ಹಬ್ಬ. ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಹುರಮಂಜು ಎನ್ನುವ ಕೆಂಪು ಮಣ್ಣು ಕಲಸಿ ಮೈತುಂಬ ಗುಂಡು ಗುಂಡಾಗಿ ಚಿತ್ರ ಬರೆಯದೆ ಆ ದಿನ ಮುಗಿಯುವುದಿಲ್ಲ. ಅಪ್ಪನಿಗೆ ಬೆಂಗಳೂರಿಗೆ ವರ್ಗವಾಗಿ ನಾವು ವಿಜಯನಗರದ ಬಾಡಿಗೆ ಮನೆಗೆ ಬಂದ ವರ್ಷ ಹಬ್ಬವೇನೋ ಬಂತು, ಎತ್ತು ಎಲ್ಲಿಂದ ತರುವುದು? ಬೆಳಿಗ್ಗೆಯಿಂದ ಚಡಪಡಿಸಿದ ಅಪ್ಪ ಕೊನೆಗೆ ನನ್ನನ್ನೂ ಕರೆದುಕೊಂಡು, ಪಕ್ಕದ ಖಾಲಿ ಸೈಟಿನಲ್ಲಿದ್ದ ಗಾಡಿಯವರ ಮುಂದೆ ಹೋಗಿ ನಿಂತ. ಅವರು ಅತ್ತಿಗುಪ್ಪೆಯ ಹಳಬರು. ಆಗ ಏಳುತ್ತಿದ್ದ ಮನೆಗಳಿಗೆ ಇಟ್ಟಿಗೆ, ಮರಳು ಹೊಡೆಯುತ್ತಿದ್ದರು. ಜೋಡಿ ಬಿಳಿ ಎತ್ತುಗಳೇ ಅವರ ಅನ್ನ.

"ನಿಮ್ಮ ಎತ್ತಿಗೆ ಒಂದೀಟು ಬಣ್ಣಾ ಹಚ್ಚಲೇನ್ರೀ?" ಎಂದು ಅಪ್ಪ ಕೇಳಿದ.

"ಸಂಕ್ರಾಂತಿ ಮುಗ್ದು ಐದು ತಿಂಗ್ಳಾಯ್ತಲ್ಲ ಸಾರ್, ಈಗ್ಯಾಕೆ?" ಎಂದು ಅವರು ನಕ್ಕರು. ನಕ್ಕರೂ ಎತ್ತುಗಳನ್ನು ಬಿಚ್ಚಿ ಮುಂದೆ ತಂದು ನಿಲ್ಲಿಸಿದರು.

ಎಡಗಡೆಯ ಎತ್ತು ನನ್ನದು. ನನ್ನದು ಅಂದರೆ, ನಾನೇ ಹಾಗೆ ತೀರ್ಮಾನ ಮಾಡಿಬಿಟ್ಟಿದ್ದೆ. ಶಾಲೆಯಲ್ಲಿ ನಾನು ಬಾಯಿ ಬಿಟ್ಟರೆ ಸಾಕು, "ಹೌದೇನ್ರೀ, ಅಲ್ಲೇನ್ರೀ" ಎಂದು ಅಣಕಿಸುತ್ತಿದ್ದರು. ಆ ಕಪಿಗಳ ಮೇಲಿನ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ. ದಿನಾ ಸಂಜೆ ಎತ್ತಿನ ಕತ್ತಿನ ಕೆಳಗೆ ಜೋಲುವ ಗಂಗೆದೊಗಲು ತುರಿಸುತ್ತಾ ನಮ್ಮೂರ ಮಾತಿನಲ್ಲೇ ದೂರು ಹೇಳುತ್ತಿದ್ದೆ. ಅದು ಕತ್ತು ಚಾಚಿ, ಕಣ್ಣು ಅರೆ ಮುಚ್ಚಿ ಕೇಳುತ್ತಿತ್ತು. ಇಡೀ ಬೆಂಗಳೂರಿನಲ್ಲಿ ನನ್ನ ಮಾತಿಗೆ ನಗದ ಜೀವ ಅದೊಂದೇ.

ಹುರಮಂಜು ಒಣಗುತ್ತಲೇ ಉದುರತೊಡಗಿತು. "ಒಂದ್ ಮಳೀ ಬಂದ್ರ ಎಲ್ಲಾ ಹೋಗ್ತದ. ಅದು ಇರೋದಽ ಹಂಗ" ಎಂದ ಅಪ್ಪ. ನನಗೆ ಅದು ಸರಿಬರಲಿಲ್ಲ. ನನ್ನ ಗುರುತು ಹೋಗಬಾರದಿತ್ತು. ಮನೆ ಮಾಲೀಕರು ಕಿಟಕಿಯ ಕಂಬಿಗೆ ಬಳಿದು ಉಳಿಸಿದ್ದ ಕೆಂಪು ಎಣ್ಣೆಬಣ್ಣದ ಡಬ್ಬ ನಮ್ಮ ಬಚ್ಚಲಿನ ಹಿಂದಿತ್ತು. ಅದನ್ನು ಮುಟ್ಟಬೇಡ ಎಂದು ಅಮ್ಮ ಎರಡು ಸಲ ಹೇಳಿದ್ದಳು. ಅಪ್ಪ ಗಾಡಿಯವರನ್ನು ಹೋಳಿಗೆ ಊಟಕ್ಕೆ ಒಳಗೆ ಕರೆದೊಯ್ದಾಗ ನಾನು ಆ ಡಬ್ಬ ತಂದು, ಎಡ ಅಂಗೈಗೆ ಬಣ್ಣ ಮೆತ್ತಿಕೊಂಡು ಎತ್ತಿನ ಪಕ್ಕೆಗೆ ಒತ್ತಿದೆ. ಮೈ ಬೆಚ್ಚಗಿತ್ತು, ಕೈ ಕೆಳಗೆ ಉಸಿರು ಏಳುತ್ತಾ ಇಳಿಯುತ್ತಾ ಇತ್ತು. ಸಾಲದೆನಿಸಿ ಅದೇ ಜಾಗಕ್ಕೆ ಮತ್ತೆರಡು ಸಲ ದಪ್ಪಗೆ ಒತ್ತಿದೆ. ಐದು ಬೆರಳೂ ಚೊಕ್ಕವಾಗಿ ಮೂಡಿದವು.

ಎತ್ತು ಕತ್ತು ತಿರುಗಿಸಿ ಆ ಕೈಯನ್ನು ನೆಕ್ಕಿತು. ಮತ್ತೆ ನೆಕ್ಕಿತು. ಆಮೇಲೆ ಡಬ್ಬಕ್ಕೂ ನಾಲಿಗೆ ಹಾಕಿತು. ಮುದ್ದು ಮಾಡುತ್ತಿದೆ ಎಂದು ನಾನು ಹಿಗ್ಗಿ ಹೀರೇಕಾಯಿಯಾದೆ. ಮರಳಿ ಬಂದವರು ಅದನ್ನೂ ಹುರಮಂಜಿನ ಗುರುತೇ ಅಂದುಕೊಂಡರು.

ಮೂರನೆಯ ದಿನ ಎತ್ತು ಮೇವು ಮುಟ್ಟಲಿಲ್ಲ. ಜೊಲ್ಲು ಸುರಿಸುತ್ತಾ, ಹಲ್ಲು ಕಡಿಯುತ್ತಾ, ತಲೆಯನ್ನು ಕಾಂಪೌಂಡ್ ಗೋಡೆಗೆ ಒತ್ತಿಕೊಂಡು ನಿಂತಿತ್ತು. "ಅಷ್ಟೊಂದು ಸಿಂಗಾರ ಮಾಡುದ್ರಲ್ಲ, ದೃಷ್ಟಿ ಆಗೈತೆ" ಎಂದು ಗಾಡಿಯವರ ಹೆಂಡತಿ ಮೆಣಸಿನಕಾಯಿ ನಿವಾಳಿಸಿದರು. ಅಪ್ಪನ ಮುಖ ಸಣ್ಣದಾಯಿತು. ಅಮ್ಮನ ಹತ್ತಿರ ಸೀಮೆಎಣ್ಣೆ ಕೇಳಲು ಹೆದರಿದ್ದರಿಂದ ನನ್ನ ಅಂಗೈಯ ಗೆರೆಗಳಲ್ಲಿ ಕೆಂಪು ಹಾಗೆಯೇ ಉಳಿದಿತ್ತು. ಆ ಕೈಯನ್ನು ಲಂಗದ ಮಡಿಕೆಯಲ್ಲಿ ಮುಚ್ಚಿಕೊಂಡೇ ತಿರುಗುತ್ತಿದ್ದೆ. ಹೇಳಿದರೆ ಅಪ್ಪನ ಮರ್ಯಾದೆ ಹೋಗುತ್ತದೆ, ನನ್ನನ್ನು ಮತ್ತೆ ಎತ್ತಿನ ಹತ್ತಿರ ಸೇರಿಸುವುದಿಲ್ಲ. ಹೇಳದಿದ್ದರೆ ಏನಾಗುತ್ತದೆ ಎಂಬುದನ್ನು ಯೋಚಿಸಲೂ ಭಯ.

ಮಧ್ಯಾಹ್ನ ದನದ ಡಾಕ್ಟರು ಬಂದರು. "ಏನು ತಿಂದಿದೆ ಹೇಳ್ರೀ. ಗೊತ್ತಾಗ್ದೆ ನಾನು ಏನಂತ ಔಷಧಿ ಕೊಡ್ಲಿ? ಹಿಂಗೇ ಬಿಟ್ರೆ ಉಳಿಯಲ್ಲ."

ಗಾಡಿಯವರು ಒಂದೊಂದೇ ನೆನೆಸಿಕೊಂಡು ಹೇಳಿದರು: ಹುಲ್ಲು, ಬೂಸ, ಹಿಂಡಿ. ಡಾಕ್ಟರು ಪ್ರತಿಯೊಂದಕ್ಕೂ ಅಲ್ಲವೆಂದು ತಲೆಯಾಡಿಸಿದರು. ನಾನು ಮುಂದೆ ಹೋಗಿ ಅಂಗೈ ಬಿಚ್ಚಿದೆ. ಅವರು ನನ್ನ ಕೈ ನೋಡಿದರು, ಎತ್ತಿನ ಪಕ್ಕೆ ನೋಡಿದರು, ಬಣ್ಣವನ್ನು ಉಗುರಿನಿಂದ ಕೆರೆದು ಮೂಸಿದರು.

"ಎಣ್ಣೆಬಣ್ಣ. ಇದ್ರಲ್ಲಿ ಸೀಸ ಇರುತ್ತೆ, ವಿಷ."

ಅಪ್ಪ ಹೊಡೆಯಲು ಕೈ ಎತ್ತಿದ. ಗಾಡಿಯವರು ಆ ಕೈ ಹಿಡಿದರು. "ಬಿಡಿ ಸಾರ್. ಹೇಳ್ಬಿಡ್ತಲ್ಲ ಕೂಸು."

ಬಿದಿರಿನ ಗೊಟ್ಟದಲ್ಲಿ ಎತ್ತಿಗೆ ಭೇದಿಯ ಉಪ್ಪು ಕುಡಿಸಿದರು. ಬಣ್ಣ ಹತ್ತಿದ ಕೂದಲನ್ನು ಒಂದೂ ಬಿಡದೆ ತೆಗೆಯಬೇಕೆಂದು ಡಾಕ್ಟರು ಹೇಳಿದ್ದರಿಂದ, ಗಾಡಿಯವರೇ ಕತ್ತರಿ ಹಿಡಿದು ಒಂದೊಂದೇ ಬೆರಳನ್ನು ಕತ್ತರಿಸಿ ತೆಗೆದರು. ಬಣ್ಣ ಹೋಯಿತು, ಕೈ ಹೋಗಲಿಲ್ಲ. ಬೋಳು ಚರ್ಮದಲ್ಲಿ ನನ್ನ ಐದೂ ಬೆರಳು ಹಾಗೆಯೇ ಕಾಣುತ್ತಿದ್ದವು. ನನ್ನ ಅಂಗೈಯನ್ನು ಅಮ್ಮ ಬೈಯುತ್ತಾ ಸೀಮೆಎಣ್ಣೆಯಲ್ಲಿ ಉಜ್ಜಿದಳು, ಹತ್ತೇ ನಿಮಿಷಕ್ಕೆ ಅದು ಸ್ವಚ್ಛವಾಯಿತು.

ನಾಲ್ಕು ದಿನ ಗಾಡಿ ಮೂಕಿಯನ್ನು ನೆಲಕ್ಕೆ ಊರಿ ನಿಂತೇ ಇತ್ತು. ಬೆಳಿಗ್ಗೆ ಹಾಸಿಗೆಯಲ್ಲೇ ಕಿವಿಗೊಟ್ಟು ಕೊರಳಗಂಟೆ ಎರಡು ಕೇಳುತ್ತದೋ ಒಂದೋ ಎಂದು ನೋಡುತ್ತಿದ್ದೆ. ಒಂದೇ ಕೇಳುತ್ತಿತ್ತು. ಐದನೆಯ ದಿನ ಎರಡನೆಯದೂ ಸಣ್ಣಗೆ ಅಲುಗಿತು. ಓಡಿ ಹೋಗಿ ನೋಡಿದರೆ ಎತ್ತು ಒಂದೊಂದೇ ಎಳೆ ಹುಲ್ಲು ಎಳೆದುಕೊಳ್ಳುತ್ತಿತ್ತು. ನಾನು ಗೋಡೆಯ ಈಚೆಯೇ ನಿಂತೆ. ವರ್ಷಪೂರ್ತಿ ಅದರ ಹತ್ತಿರ ಹೋಗುವ ಧೈರ್ಯ ಬರಲಿಲ್ಲ.

ಮುಂದಿನ ಕಾರಹುಣ್ಣಿಮೆಗೆ ಅಪ್ಪ ಎತ್ತಿನ ಮಾತೇ ತೆಗೆಯಲಿಲ್ಲ. ಗಾಡಿಯವರೇ ಎತ್ತುಗಳ ಮೈ ತೊಳೆದು ನಮ್ಮ ಬಾಗಿಲಿಗೆ ಹೊಡೆದುಕೊಂಡು ಬಂದರು. ಕೈಯಲ್ಲಿ ಕೆಮ್ಮಣ್ಣು ಕಲಸಿದ ತಟ್ಟೆ. "ಸಾರ್, ಇವತ್ತು ನಿಮ್ಮಬ್ಬ ಅಲ್ವಾ?" ಎಂದವರು ನನ್ನ ಕಡೆ ತಿರುಗಿದರು. "ಎಲ್ಲಿ ಮಗ, ಕೈ ಕೊಡು." ನಾನು ಕೊಡಲಿಲ್ಲ. ಅವರೇ ನನ್ನ ಎಡಗೈ ಹಿಡಿದು, ಕೆಮ್ಮಣ್ಣಿನಲ್ಲಿ ಅದ್ದಿ, ಎತ್ತಿನ ಪಕ್ಕೆಗೆ ಒತ್ತಿ ಹಿಡಿದರು. ಕೈ ಕೆಳಗೆ ಮತ್ತೆ ಆ ಉಸಿರು. ನಾನು ಅತ್ತುಬಿಟ್ಟೆ.

ಸಂಜೆ ಮಳೆ ಬಂತು. ಕೆಂಪು ಕೈ ಕರಗಿ, ಎತ್ತಿನ ಹೊಟ್ಟೆಯಿಂದ ಇಳಿದು ಚರಂಡಿ ಸೇರುವವರೆಗೂ ನಾನು ಕಿಟಕಿ ಬಿಟ್ಟು ಕದಲಲಿಲ್ಲ. ಪೂರ್ತಿ ಹೋಯಿತು ಎಂದು ಖಾತ್ರಿಯಾದ ಮೇಲೆಯೇ ಊಟಕ್ಕೆ ಕುಳಿತೆ.