ಅನುಪಮಾಳ ಜೋಳದ ಬಿಯರ್

2023ರ ಬೇಸಿಗೆಯಲ್ಲಿ ನಾನು ಸ್ಯಾನ್ ಡಿಯಾಗೋದ ಮಧ್ಯಮ ಗಾತ್ರದ ಬ್ರೂವರಿಯೊಂದರಲ್ಲಿ ಕ್ವಾಲಿಟಿ ಲ್ಯಾಬಿನ ಮುಖ್ಯಸ್ಥೆಯಾಗಿದ್ದೆ. ಕೆಲಸಕ್ಕೆ ಸೇರಿ ಹನ್ನೊಂದು ವರ್ಷವಾಗಿತ್ತು. ಮೈಕ್ರೋಸ್ಕೋಪಿನಡಿ ಯೀಸ್ಟ್ ಕಣಗಳನ್ನು ಎಣಿಸುವುದು, ಬೇಡದ ಜೀವಾಣು ಸೇರಿಕೊಂಡಿದೆಯೇ ಎಂದು ಪರೀಕ್ಷಿಸುವುದು, ದಿನಕ್ಕೆ ಎರಡು ಸಲ ಬಿಯರಿನ ರುಚಿ ನೋಡಿ ದೋಷವಿದ್ದರೆ ಬರೆದಿಡುವುದು, ಇವಿಷ್ಟು ನನ್ನ ಜವಾಬ್ದಾರಿ. ಧಾರವಾಡದಲ್ಲಿ ಯಾರಾದರೂ ಕೇಳಿದರೆ ಅವ್ವ, "ಆಹಾರದ ಕಂಪನೀ ಲ್ಯಾಬಿನ್ಯಾಗ ಇದ್ದಾಳ" ಎಂದು ಮಾತು ಮುಗಿಸುತ್ತಿದ್ದಳು.

ಅನುಪಮಾ ಬೆಂಗಳೂರಿನವಳು. ಲಾಸ್ ಏಂಜಲೀಸ್‌ನ ನಾರ್ತ್‌ರಿಜ್‌ನಲ್ಲಿ ಮೈಕ್ರೋಬಯಾಲಜಿ ಓದುವಾಗ ನಾವಿಬ್ಬರೂ ಒಂದೇ ಅಪಾರ್ಟ್‌ಮೆಂಟಿನಲ್ಲಿದ್ದೆವು. ಪರೀಕ್ಷೆಯಲ್ಲಿ ನನಗೇ ಯಾವಾಗಲೂ ಹೆಚ್ಚು ಅಂಕ ಬರುತ್ತಿತ್ತು. ಒಂದು ಭಾನುವಾರ, ಅವ್ವ ಕಳಿಸಿದ್ದ ಜೋಳವನ್ನು ಅರಳು ಹುರಿದು ಅಡುಗೆಮನೆಯ ದೊಡ್ಡ ಪಾತ್ರೆಯಲ್ಲಿ ಬಿಯರ್ ಮಾಡಿದೆವು. ಅದು ಹುಳಿಯಾಗಿ, ಎಲ್ಲವನ್ನೂ ಚೆಲ್ಲಬೇಕಾಯಿತು.

ಓದು ಮುಗಿದ ಮೇಲೆ ನಾನು ಸ್ಯಾನ್ ಡಿಯಾಗೋಗೆ ಬಂದೆ. ಅವಳು ಲಾಸ್ ಏಂಜಲೀಸ್‌ನಲ್ಲೇ ಕೆಲಸಕ್ಕೆ ಸೇರಿದಳು. 2020ರಲ್ಲಿ ಕೋವಿಡ್ ಬಂದು ಬಾರ್‌ಗಳೆಲ್ಲ ಮುಚ್ಚಿದಾಗ ನಾನು ಇದ್ದ ಕೆಲಸವನ್ನೇ ಗಟ್ಟಿಯಾಗಿ ಹಿಡಿದು ಕೂತೆ. ಅವಳು ಮಾತ್ರ ಕೆಲಸ ಬಿಟ್ಟು, ಬಾಗಿಲು ಹಾಕುತ್ತಿದ್ದ ಸಣ್ಣ ಬ್ರೂವರಿಯೊಂದರ ಟ್ಯಾಂಕುಗಳನ್ನು ಕೊಂಡು ಸ್ವಂತದ್ದನ್ನು ಶುರುಮಾಡಿದಳು. ಎರಡೇ ವರ್ಷದಲ್ಲಿ ಅವಳು ಹೆಸರು ಮಾಡಿದಳು. ಅವಳ ಫೋಟೋಗಳು ಕಣ್ಣಿಗೆ ಬೀಳದಂತೆ ನನ್ನ ಫೋನಿನಲ್ಲಿ ಮ್ಯೂಟ್ ಮಾಡಿದ್ದೆ. ಆದರೆ ದಿನಾ ಬೆಳಿಗ್ಗೆ ನಾನೇ ಹುಡುಕಿಕೊಂಡು ಹೋಗಿ ನೋಡುತ್ತಿದ್ದೆ. ಅವಳ ಎಲ್ಲಕ್ಕಿಂತ ಹೆಸರಾದ ಬಿಯರ್ ಜೋಳದ ಅರಳಿನದು. ಅದು ನನ್ನ ಕಲ್ಪನೆ ಎಂದು ನನ್ನ ಗಂಡನಿಗೆ ಎಷ್ಟು ಸಲ ಹೇಳಿದ್ದೆನೋ ಲೆಕ್ಕವಿಲ್ಲ. ನಿಜ ಹೇಳಬೇಕೆಂದರೆ ಜೋಳ ನನ್ನ ಮನೆಯದು, ಅದನ್ನು ಬಿಯರಿಗೆ ಹಾಕೋಣ ಎಂದವಳು ಅವಳು.

ನಮ್ಮ ಬ್ರೂವರಿಯ ಹತ್ತಿರದ ಇಟಾಲಿಯನ್ ಕೇರಿಯಲ್ಲಿ, ಇಟಲಿಯ ಒಂದೇ ಸಣ್ಣ ಊರಿನಿಂದ ಹಿಂದೆ ಮೀನುಗಾರಿಕೆಗೆಂದು ಬಂದ ಕುಟುಂಬಗಳಿವೆ. ಆ ಊರಿನಲ್ಲಿ ಪ್ರತಿ ಬೇಸಿಗೆಯಲ್ಲಿ ಕ್ರಾಫ್ಟ್ ಬಿಯರ್ ಮತ್ತು ಬೀದಿ ತಿನಿಸಿನ ಹಬ್ಬ ನಡೆಯುತ್ತದೆ. ಅದೇ ಹಬ್ಬವನ್ನು ಇಲ್ಲಿಯವರು ಆ ವರ್ಷ ಜುಲೈನ ಒಂದು ಶನಿವಾರ, ಭಾನುವಾರ ನಮ್ಮಲ್ಲಿ ನಡೆಸಿದರು. ಜೊತೆಗೊಂದು ಬಿಯರ್ ಸ್ಪರ್ಧೆ. ಆ ಊರಿನಿಂದ ಬಂದ ಹಿರಿಯ ಬ್ರೂವರ್ ಒಬ್ಬರು ತೀರ್ಪುಗಾರರು. ಗೆದ್ದವರು ಮುಂದಿನ ಬೇಸಿಗೆಯಲ್ಲಿ ಆ ಊರಿಗೇ ಹೋಗಿ ತಮ್ಮ ಬಿಯರ್ ತಯಾರಿಸಬೇಕು. ನಾನು ಎಂಟು ತಿಂಗಳು ತಿದ್ದಿ ತೀಡಿದ ಗೋಧಿ ಬಿಯರ್ ಸ್ಪರ್ಧೆಯಲ್ಲಿತ್ತು. ಜೊತೆಗೆ ಎಲ್ಲ ಹದಿನಾಲ್ಕು ಸ್ಟಾಲುಗಳ ಬಿಯರ್ ಕುಡಿಯಲು ಸುರಕ್ಷಿತವೇ ಎಂದು ನೋಡಿಕೊಳ್ಳುವ ಹೊಣೆಯನ್ನೂ ಹಬ್ಬದ ಸಮಿತಿ ನನಗೇ ವಹಿಸಿತ್ತು. ಸ್ಪರ್ಧಿಗೆ ಆ ಹೊಣೆ ಕೊಡಬಾರದಿತ್ತು. ನಾನೂ ಬೇಡ ಎನ್ನಲಿಲ್ಲ.

ಶನಿವಾರ ಬಿಸಿಲು ಜೋರಾಗಿತ್ತು. ಕಾಗದದ ಪೊಟ್ಟಣದಲ್ಲಿ ಕರಿದ ಮೀನು, ಚೀಸ್ ತುಂಬಿ ಕರಿದ ಅನ್ನದ ಉಂಡೆ, ಮಸಾಲೆ ತುಂಬಿ ಸುಟ್ಟ ಹಂದಿಮಾಂಸ, ಹೀಗೆ ಎಲ್ಲದರ ಮುಂದೆಯೂ ಜನ. ಆದರೆ ಅತಿ ಉದ್ದದ ಸಾಲು, ಸ್ಪರ್ಧೆಗೆಂದು ಲಾಸ್ ಏಂಜಲೀಸ್‌ನಿಂದ ಬಂದಿದ್ದ ಅನುಪಮಾಳ ಸ್ಟಾಲಿನದು. ಅವಳ ಪಕ್ಕದಲ್ಲಿ ಅನ್ನದ ಉಂಡೆ ಮಾರುತ್ತಿದ್ದ ಮರಿಯಾ ಎಂಬ ಅರವತ್ತು ದಾಟಿದ ಹೆಂಗಸು, "ಇವಳಿಂದ ನನಗೂ ಗಿರಾಕಿ" ಎಂದು ನಕ್ಕಳು. ನನಗೆ ನಗು ಬರಲಿಲ್ಲ.

"ಶೈಲಾ, ಬಾರೇ. ನಿಮ್ಮಮ್ಮನ ಜೋಳ ಕಣೇ ಇದು, ಕುಡಿದು ನೋಡು," ಎಂದು ಅನುಪಮಾ ಲೋಟ ಕೊಟ್ಟಳು.

ಒಂದು ಗುಟುಕಿಗೇ ಹೊಟ್ಟೆಯಲ್ಲಿ ಬೆಂಕಿ ಬಿದ್ದಂತಾಯಿತು. ಅಷ್ಟು ಚೆನ್ನಾಗಿತ್ತು. ಎರಡನೆಯ ಗುಟುಕಿನಲ್ಲಿ ನಾಲಿಗೆ ಬೇರೆ ಏನನ್ನೋ ಹಿಡಿಯಿತು. ಇರಬೇಕಾದ ಸಿಹಿಯ ಅಂಶ ಇರಲಿಲ್ಲ. ಹಿಂದೆಯೇ ಲವಂಗದಂಥ ತೆಳುವಾದ ವಾಸನೆ. ನೊರೆಯೂ ಅತಿಯಾಗಿತ್ತು. ಮೇಜಿನ ಮೇಲಿದ್ದ ಒಂದು ಕ್ಯಾನ್ ನೆಟ್ಟಗೆ ನಿಲ್ಲದೆ ಓಲಾಡುತ್ತಿತ್ತು. ಎತ್ತಿ ನೋಡಿದೆ. ಒಳಕ್ಕೆ ಬಾಗಿರಬೇಕಾದ ತಳ ಹೊರಕ್ಕೆ ಉಬ್ಬಿತ್ತು. ಆಗ ಸಮಯ 12:40.

ಇದರ ಅರ್ಥವನ್ನು ಸರಳವಾಗಿ ಹೇಳುತ್ತೇನೆ. ಸಾಮಾನ್ಯ ಯೀಸ್ಟ್ ತನಗೆ ಜೀರ್ಣವಾಗುವ ಸಕ್ಕರೆಯನ್ನು ತಿಂದು ನಿಲ್ಲುತ್ತದೆ. ಡಯಾಸ್ಟಾಟಿಕಸ್ ಎಂಬ ಇನ್ನೊಂದು ಬಗೆಯ ಯೀಸ್ಟ್, ಸಾಮಾನ್ಯ ಯೀಸ್ಟ್ ಬಿಟ್ಟ ಸಕ್ಕರೆಯನ್ನೂ ಒಡೆದು ತಿನ್ನುತ್ತದೆ. ಅದು ತುಂಬುವ ಯಂತ್ರದಲ್ಲಿ ಎಲ್ಲಾದರೂ ಉಳಿದು ಕ್ಯಾನ್ ಸೇರಿದರೆ ಮುಚ್ಚಿದ ಕ್ಯಾನಿನೊಳಗೂ ಗ್ಯಾಸ್ ತಯಾರಾಗುತ್ತಲೇ ಇರುತ್ತದೆ. ತಣ್ಣಗಿದ್ದರೆ ನಿಧಾನ. ಬಿಸಿಲಿಗೆ ಇಟ್ಟರೆ ಕ್ಯಾನ್ ಸಿಡಿಯಬಹುದು. ಅನುಪಮಾಳ ಕ್ಯಾನುಗಳ ಪೆಟ್ಟಿಗೆಗಳು ಸ್ಟಾಲಿನ ಹಿಂದೆ ಬಿಸಿಲಲ್ಲೇ ಇದ್ದವು.

ಅಲ್ಲೇ ಹೇಳಬೇಕಿತ್ತು. ನಾನು ಲೋಟ ಇಟ್ಟು, "ಛಲೋ ಅದ," ಎಂದು ಮುಂದಿನ ಸ್ಟಾಲಿಗೆ ಹೋದೆ.

ಯಾಕೆ ಹಾಗೆ ಮಾಡಿದೆ ಎಂದು ಬಹಳ ಸಲ ಯೋಚಿಸಿದ್ದೇನೆ. ಹೇಳಿದರೆ ಹೊಟ್ಟೆಕಿಚ್ಚಿಗೆ ಹೇಳಿದಳು ಎಂದುಕೊಳ್ಳುತ್ತಾರೆ ಎಂಬ ಅಳುಕಿತ್ತು, ಅದು ಅರ್ಧ. ಉಳಿದ ಅರ್ಧ ಬರೆಯಲು ಈಗಲೂ ನಾಚಿಕೆ: ಅವಳ ತಪ್ಪು ಎಲ್ಲರೆದುರು ತಾನಾಗಿಯೇ ಬಯಲಾಗಲಿ ಎಂದು ಒಳಗೊಳಗೆ ಬಯಸಿದ್ದೆ. ಬಿಸಿಲಿಗೆ ಒಂದು ಕ್ಯಾನ್ ಉಬ್ಬಿರಬಹುದು, ನೋಡೋಣ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ಬೇರೆಯವರ ಬಿಯರ್ ಪೈಪುಗಳನ್ನು ಬಹಳ ಶ್ರದ್ಧೆಯಿಂದ ಪರೀಕ್ಷಿಸುತ್ತಾ ಓಡಾಡಿದೆ.

2:45ಕ್ಕೆ ಟೈರ್ ಒಡೆದಂಥ ಸದ್ದಾಯಿತು. ಓಡಿ ಹೋದಾಗ ಮರಿಯಾ ಕುರ್ಚಿಯ ಮೇಲೆ ಕೂತಿದ್ದಳು. ಹುಬ್ಬಿನ ಮೇಲಿನಿಂದ ರಕ್ತ ಇಳಿಯುತ್ತಿತ್ತು. ಕ್ಯಾನಿನ ತಗಡು ತಾಗಿತ್ತು. ಇನ್ನೊಂದು ಬೆರಳಗಲ ಕೆಳಗಾಗಿದ್ದರೆ ಕಣ್ಣು ಹೋಗುತ್ತಿತ್ತು. ಅನುಪಮಾ ಅವಳ ಹಣೆಗೆ ಬಟ್ಟೆ ಒತ್ತಿ ಹಿಡಿದು, "ಬಿಸಿಲಿಗೆ ಆಗಿರ್ಬೇಕು, ಬಿಸಿಲಿಗೆ," ಎನ್ನುತ್ತಿದ್ದಳು.

ಮರಿಯಾಳನ್ನು ಅವಳ ಮಗಳು ಆಸ್ಪತ್ರೆಗೆ ಕರೆದೊಯ್ದ ಮೇಲೆ ನಾನು ಹೇಳಿದೆ: "ಬಿಸಿಲಲ್ಲ, ಅನು. ಯೀಸ್ಟ್ ಇನ್ನೂ ಕೆಲಸ ಮಾಡಾಕತ್ತದ. ಎಲ್ಲಾ ಪೆಟ್ಟಿಗೆ ಐಸಿನ್ಯಾಗ ಇಡಸು. ಮಾರಾಟ ನಿಲ್ಲಸು."

ಅವಳು ನನ್ನನ್ನೇ ದಿಟ್ಟಿಸಿದಳು. "ನಾಳೆ ಜಡ್ಜಿಂಗ್ ಇದೆ. ನಿನ್ ಬಿಯರೂ ಇದೆ. ನಾನ್ ನಿನ್ ಮಾತು ನಂಬಬೇಕಾ?"

"ನನ್ನ ನಂಬಬ್ಯಾಡ. ನೀನs ಅಳದು ನೋಡು."

ವ್ಯಾನಿನಿಂದ ಡೆನ್ಸಿಟಿ ಮೀಟರ್ ತಂದು ಅವಳ ಕೈಗೆ ಕೊಟ್ಟೆ. ಬಿಯರಿನಲ್ಲಿ ಎಷ್ಟು ಸಕ್ಕರೆ ಉಳಿದಿದೆ ಎಂದು ತೋರಿಸುವ ಸಾಧನ ಅದು, ನೀರಿಗೆ 1.000, ಸಕ್ಕರೆ ಹೆಚ್ಚಿದಷ್ಟೂ ಸಂಖ್ಯೆ ಮೇಲೆ. ಐದು ವಾರದ ಹಿಂದೆ ಕ್ಯಾನಿಗೆ ತುಂಬಿದಾಗ ಅವಳ ದಾಖಲೆಯಲ್ಲಿದ್ದದ್ದು 1.012. ಅವಳು ಬಿಯರನ್ನು ಒಂದು ಲೋಟದಿಂದ ಇನ್ನೊಂದಕ್ಕೆ ಸುರಿದು ಗ್ಯಾಸ್ ತೆಗೆದು ಅಳೆದಳು. 1.004. ಇನ್ನೊಂದು ಕ್ಯಾನ್ ತೆರೆದಳು. 1.003. ಮೂರನೆಯದನ್ನು ಅಳೆಯಲಿಲ್ಲ. ಸಾಲಿನಲ್ಲಿ ನಿಂತವರ ಕಡೆಗೆ ತಿರುಗಿ, ಇವತ್ತಿಗೆ ಮುಗಿಯಿತು, ಕ್ಷಮಿಸಿ ಎಂದಳು. ಸ್ಪರ್ಧೆಯಿಂದಲೂ ಹೆಸರು ಹಿಂತೆಗೆದುಕೊಂಡಳು. ಐಸ್ ತುಂಬಿದ ಡ್ರಮ್ಮುಗಳಿಗೆ ಕ್ಯಾನುಗಳನ್ನು ಇಳಿಸುವಾಗ ನನ್ನ ಕೈ ಹಿಡಿದು, "ನೀನ್ ಇದ್ದಿದ್ದಕ್ಕೆ ಬಚಾವಾದ್ವಿ ಕಣೇ. ಏನೇನೋ ಅಂದ್ಬಿಟ್ಟೆ, ಮನಸ್ಸಿಗೆ ಹಚ್ಕೋಬೇಡ," ಎಂದಳು. ನಾನು ತಲೆಯಾಡಿಸಿದೆ.

ಭಾನುವಾರ ನನ್ನ ಗೋಧಿ ಬಿಯರ್ ಗೆದ್ದಿತು. ಹುಬ್ಬಿನ ಮೇಲೆ ನಾಲ್ಕು ಹೊಲಿಗೆ ಹಾಕಿಸಿಕೊಂಡ ಮರಿಯಾಳ ಪಕ್ಕದಲ್ಲಿ ನಿಂತು ಅನುಪಮಾ ಚಪ್ಪಾಳೆ ತಟ್ಟುತ್ತಿದ್ದಳು.

ಸೋಮವಾರ ಬೆಳಿಗ್ಗೆ ಘಟನೆಯ ವರದಿ ಬರೆಯಬೇಕಿತ್ತು. ಅದರಲ್ಲಿ ಒಂದು ಕಾಲಂ: ದೋಷ ಮೊದಲು ಗಮನಕ್ಕೆ ಬಂದ ಸಮಯ. 2:45 ಎಂದು ಬರೆದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹಾಗೆಯೇ ಬರೆದೆ ಕೂಡ. ಮೊದಲ ಪುಟದಲ್ಲಿ ನನ್ನ ಹುದ್ದೆ ಮತ್ತು ಹೆಸರು ಇದ್ದವು. ಹನ್ನೊಂದು ವರ್ಷದಿಂದ, ನನ್ನ ಕೈಕೆಳಗಿನವರು ತಪ್ಪು ಸಮಯ ಬರೆದಾಗ ಅವರಿಂದ ಹಾಳೆ ಹರಿಸಿ ಮತ್ತೆ ಬರೆಸಿದವಳು ನಾನು. ಅಳಿಸಿ 12:40 ಎಂದು ತುಂಬಿದೆ. ವಿಳಂಬಕ್ಕೆ ಕಾರಣ ಎಂಬಲ್ಲಿ "ಸ್ಪರ್ಧಿಯ ಬಗ್ಗೆ ನನಗಿದ್ದ ಅಸೂಯೆ" ಎಂದು ಬರೆದು ನಮ್ಮ ಮ್ಯಾನೇಜರ್‌ಗೆ, ಹಬ್ಬದ ಸಮಿತಿಗೆ, ಅನುಪಮಾಳಿಗೆ, ಎಲ್ಲರಿಗೂ ಕಳಿಸಿದೆ.

ಮ್ಯಾನೇಜರ್ ವರದಿಯನ್ನು ಎರಡು ಸಲ ಓದಿ, ಇಟಲಿಗೆ ನನ್ನ ಬದಲು ನಮ್ಮ ಬ್ರೂವರ್ ಹೋಗುತ್ತಾರೆ ಎಂದಷ್ಟೇ ಹೇಳಿದರು. ಮರಿಯಾಳ ಮನೆಗೆ ಹೋಗಿ ಕ್ಷಮೆ ಕೇಳಿದೆ. ಅವಳು ಒಳಗೆ ಕರೆದಳು, ಕಾಫಿಯನ್ನೂ ಕೊಟ್ಟಳು. ಮಗಳು ಮಾತ್ರ ಮುಖ ಕೊಟ್ಟು ಮಾತಾಡಲಿಲ್ಲ. ಅನುಪಮಾಳಿಂದ ಒಂದು ಸಾಲಿನ ಮೆಸೇಜ್ ಬಂತು: "ರಿಪೋರ್ಟ್ ಓದಿದೆ."

ಮೂರು ವಾರದ ನಂತರ ಅವಳೇ ಫೋನ್ ಮಾಡಿದಳು. "ಯೀಸ್ಟ್ ಎಲ್ಲಿಂದ ಬರ್ತಿದೆ ಅಂತ ಸಿಗ್ತಿಲ್ಲ. ಬರ್ತೀಯಾ? ಫ್ರೆಂಡ್ ಅಂತ ಕರೀತಿಲ್ಲ, ನಿಂಗೆ ಕೆಲಸ ಗೊತ್ತು ಅಂತ ಕರೀತಿದೀನಿ."

ಲಾಸ್ ಏಂಜಲೀಸ್‌ಗೆ ಡ್ರೈವ್ ಮಾಡಿಕೊಂಡು ಹೋದೆ. ಎರಡು ದಿನ ತುಂಬುವ ಯಂತ್ರವನ್ನು ಬಿಚ್ಚಿ, ಒಂದೊಂದು ಭಾಗದಿಂದಲೂ ಸ್ಯಾಂಪಲ್ ತೆಗೆದೆವು. ಒಂದು ನಳಿಕೆಯ ರಬ್ಬರ್ ವಾಶರಿನಲ್ಲಿ ಕೂದಲೆಳೆಯಷ್ಟು ಸೀಳು ಇತ್ತು. ಹಿಂದೆ ತುಂಬಿದ್ದ ಬೇರೆ ಬಿಯರಿನ ಯೀಸ್ಟ್ ಅಲ್ಲಿ ಕೂತಿತ್ತು. ವಾಶರನ್ನು ಬದಲಿಸುವಾಗ ಅವಳು ತಲೆಯೆತ್ತದೆ ಕೇಳಿದಳು: "ನಿನ್ ಬಿಯರ್ ಆಗಿದ್ರೆ ಎಷ್ಟೊತ್ತಿಗೆ ಹೇಳ್ತಿದ್ದೆ?"

"ಆವಾಗs."

"ಗೊತ್ತು," ಎಂದಳು. ಸ್ಪ್ಯಾನರ್ ಕೊಡು ಎಂದು ಕೈ ಚಾಚಿದಳು.

ನಾವು ಈಗ ಮಾತಾಡುತ್ತೇವೆ, ಹೆಚ್ಚಾಗಿ ಕೆಲಸದ ಮಾತು. ಅವಳ ಜೋಳದ ಬಿಯರ್ ಮತ್ತೆ ಮಾರುಕಟ್ಟೆಗೆ ಬಂದಿದೆ, ನಾನು ಮಾಡಿದ ಯಾವುದಕ್ಕಿಂತಲೂ ಚೆನ್ನಾಗಿದೆ. ಅದನ್ನು ಕುಡಿದಾಗ ಈಗಲೂ ಹೊಟ್ಟೆ ಉರಿಯುತ್ತದೆ. ಅಸೂಯೆ ಬಂದರೆ ತಜ್ಞರ ತೀರ್ಮಾನ ಕೆಡುತ್ತದೆ ಎಂದು ಮೊದಲು ತಿಳಿದಿದ್ದೆ. ಆ ದಿನ ನನ್ನ ತೀರ್ಮಾನ ಕೆಟ್ಟಿರಲಿಲ್ಲ. ರುಚಿ ನೋಡುವ ನಾಲಿಗೆ ಸರಿಯಾಗಿಯೇ ಹೇಳಿತ್ತು. ಮಾತಾಡಬೇಕಾದಾಗ ಅದೇ ನಾಲಿಗೆ ಏಳಲಿಲ್ಲ. ಈಗ ಲ್ಯಾಬಿಗೆ ಹೊಸದಾಗಿ ಸೇರುವವರಿಗೆ ನಾನು ಮೊದಲು ಕಲಿಸುವುದು ಇಷ್ಟೇ: ಅನುಮಾನ ಬಂದ ನಿಮಿಷವನ್ನು ಬರೆದಿಡಿ, ಯಾರ ಬಿಯರ್ ಎಂದು ಆಮೇಲೆ ಕೇಳಿ.