ಮಾಸ್ತರರ ಕಂಪ್ಯೂಟರಿಗೆ ದನಿ ಬಂದದ್ದು

ಮೊನ್ನೆ ಮಗಳು ತನ್ನ ಕಂಪ್ಯೂಟರಿಗೆ ಬೆರಳುದ್ದದ ಒಂದು ಡಬ್ಬಿ ಸಿಕ್ಕಿಸಿಕೊಂಡು ಹಾಡು ಕೇಳುತ್ತಿದ್ದಳು. ಕಂಪ್ಯೂಟರಿನ ಸ್ವಂತ ದನಿಗಿಂತ ಈ ಡಬ್ಬಿಯ ದನಿ ಚೊಕ್ಕವಂತೆ. ಅದರ ವೈರು ಕಿತ್ತು ಬಂದಾಗ ನಾನೇ ಬೆಸೆದುಕೊಟ್ಟೆ. ಬೆಸೆಯುವ ಕಡ್ಡಿಯ ಕಾದ ತುದಿ ರಾಳಕ್ಕೆ ತಾಗಿದ್ದೇ ತೆಳ್ಳಗೆ ಹೊಗೆ ಎದ್ದಿತು. ಊದುಬತ್ತಿಯ ವಾಸನೆಯೂ ಅಲ್ಲ, ಸುಟ್ಟ ವಾಸನೆಯೂ ಅಲ್ಲ, ಎರಡರ ನಡುವಿನ ಆ ಘಮ… ಅದು ನನ್ನನ್ನು ಜೇವರ್ಗಿಯ ಬಸ್‌ಸ್ಟ್ಯಾಂಡಿನ ಹಿಂದಿದ್ದ, ಶಹಾಬಾದಿ ಕಲ್ಲು ಹಾಸಿದ ಒಂದು ಕೋಣೆಗೆ ಕರೆದುಕೊಂಡು ಹೋಯಿತು.

ಅದು ನಮ್ಮ ಟೈಪಿಂಗ್ ಮಾಸ್ತರರ ಕೋಣೆ. ಅವರು ಕೊಳಕೂರಿನವರು. ಹೊಲ ತಮ್ಮನಿಗೆ ಬಿಟ್ಟು, ಹರೆಯದಲ್ಲೇ ಜೇವರ್ಗಿಗೆ ಬಂದು ಟೈಪಿಂಗ್ ಕ್ಲಾಸು ತೆರೆದಿದ್ದರು. ಸುತ್ತಲಿನ ಕಚೇರಿಗಳಲ್ಲಿ ಕೂತ ಗುಮಾಸ್ತರಲ್ಲಿ ಬಹುಪಾಲು ಅವರ ಕೈಯಲ್ಲಿ ಕಲಿತವರೇ. ತೊಂಬತ್ತರ ದಶಕ ಮುಗಿಯುತ್ತ ಬಂದಾಗ ನಾನು ಗುಲಬರ್ಗಾದಲ್ಲಿ ಬಿ.ಎಸ್ಸಿ. ಮುಗಿಸಿ ಊರಿಗೆ ಬಂದಿದ್ದೆ. ಒಂದು ಹಳೆಯ ಕಂಪ್ಯೂಟರು ತಂದು ಅದೇ ಕೋಣೆಯ ಒಂದು ಮೂಲೆಯಲ್ಲಿ ಕ್ಲಾಸು ಶುರು ಮಾಡಿದೆ. ಅವರ ಹೊಟ್ಟೆಯ ಮೇಲೆ ಹೊಡೆಯಲು ಬಂದವಳು ಎಂದು ಅವರು ಅಂದುಕೊಳ್ಳಬಹುದಿತ್ತು. ಅವರು ಮೇಜು ಸರಿಸಿ ಜಾಗ ಮಾಡಿಕೊಟ್ಟರು. ಹಿಂದಿನ ಮನೆಯಿಂದ ಅವರ ಹೆಂಡತಿ ನನಗೂ ಸೇರಿಸಿ ರೊಟ್ಟಿ ತಟ್ಟುತ್ತಿದ್ದರು. ಅವರನ್ನು ನಾನು ಕಾಕು ಎನ್ನುತ್ತಿದ್ದೆ.

ಮಾಸ್ತರರಿಗೆ ಸಕ್ಕರೆ ಕಾಯಿಲೆಯಿತ್ತು. ಅದು ಕಣ್ಣಿಗೆ ಇಳಿದದ್ದನ್ನು ಅವರು ಯಾರಿಗೂ ಹೇಳಿರಲಿಲ್ಲ. ಒಂದು ದಿನ ಇಜೇರಿಯಿಂದ ಬರುತ್ತಿದ್ದ ಹುಡುಗಿಯೊಬ್ಬಳು ಅವರಿಗೆ ತೋರಿಸಿಕೊಂಡು ಬಂದ ಹಾಳೆಯನ್ನು ಹಿಡಿದು ನನ್ನ ಮೂಲೆಗೆ ಬಂದು ಪಿಸುಗುಟ್ಟಿದಳು.

"ಅಕ್ಕಾರ, ರಿಬ್ಬನ್ ಒಣಗಿತ್ರಿ. ಹಾಳ್ಯಾಗ ಒಂದು ಅಕ್ಷರಾನೂ ಮೂಡಿಲ್ಲ. ಮಾಸ್ತರು ನೋಡಿ, ಛಲೋ ಆಗ್ಯಾದ, ಹೋಗು ಅಂದ್ರು."

ನಾನು ಹಾಳೆಯನ್ನು ಬೆಳಕಿಗೆ ಹಿಡಿದೆ. ಬರೀ ಬಿಳಿ. ಅತ್ತ ನೋಡಿದರೆ ಮಾಸ್ತರರು ಮುಂದಿನ ಹುಡುಗನ ಹಾಳೆಯ ಮೇಲೆ ಹೆಬ್ಬೆರಳು ಆಡಿಸುತ್ತಿದ್ದರು, ಓದುತ್ತಿರುವವರಂತೆ ತುಟಿ ಅಲುಗಿಸುತ್ತ…

ಇಂಥದ್ದು ಬಹಳ ದಿನ ಮುಚ್ಚಿಡಲಾಗುವುದಿಲ್ಲ. ತಪ್ಪು ತಿದ್ದುವವರಿಲ್ಲದೆ ಪರೀಕ್ಷೆಗೆ ಹೇಗೆ ಕೂರುವುದೆಂದು ಕೆಲವರು ಬಿಟ್ಟುಹೋದರು. ಇಜೇರಿಯ ಹುಡುಗಿ ಮಾತ್ರ ಬರುತ್ತಲೇ ಇದ್ದಳು. ಒಂದು ಮಧ್ಯಾಹ್ನ ಮಾಸ್ತರರು ಒಂದು ಟೈಪ್‌ರೈಟರಿಗೆ ಮುಸುಕು ಹೊದಿಸಿ, ಅದರ ಮೇಲೆ ಕೈಯಿಟ್ಟು ನಿಂತರು.

"ತಂಗಿ, ದೀಪಾವಳಿ ಆದ ಮ್ಯಾಲ ಮುಚ್ಚಿಬಿಡ್ತೇನಿ. ಕಣ್ಣಿಲ್ದವ ಮಂದೀಗಿ ಏನ್ ಕಲಿಸ್ತಾನ?" ಎಂದರು.

"ಬೆರಳಿಗಿ ಕಣ್ಣು ಬ್ಯಾಡ ಅಂತ ನೀವೇ ಕಲಿಸಿದ್ರೆಲ್ರಿ," ಎಂದೆ.

"ಬೆರಳಿಗಿ ಬ್ಯಾಡ. ತಪ್ಪು ಹಿಡೀಲಿಕ್ಕ ಬೇಕು."

ಆ ಮಾತು ನನ್ನನ್ನು ಬಿಡಲಿಲ್ಲ. ಹಾಳೆ ಕಾಣದಿದ್ದರೆ ಕೇಳುವಂತಾದರೆ? ಒಂದೊಂದು ಕೀಲಿ ಒತ್ತಿದಾಗಲೂ ಯಾರಾದರೂ ಆ ಅಕ್ಷರವನ್ನು ಬಾಯಿಬಿಟ್ಟು ಹೇಳಿದರೆ? ಆದರೆ ನನ್ನ ಕಂಪ್ಯೂಟರು ಮೂಕ. ಕುಯ್ ಎನ್ನುವುದೊಂದೇ ಅದಕ್ಕೆ ಬರುತ್ತಿದ್ದ ದನಿ. ಹಳೆಯ ಪತ್ರಿಕೆಯೊಂದರಲ್ಲಿ ಒಂದು ಚಿತ್ರ ನೋಡಿದ್ದು ನೆನಪಾಯಿತು. ದನಿಯನ್ನು ಕಂಪ್ಯೂಟರು ಬರೀ ಅಂಕಿಗಳಾಗಿ ಇಟ್ಟುಕೊಂಡಿರುತ್ತದೆ. ಪ್ರಿಂಟರ್ ಸಿಕ್ಕಿಸುವ ಬಾಯಿಂದ ಆ ಅಂಕಿಗಳನ್ನು ಹೊರಗೆ ಕಳಿಸಿದರೆ, ಹೊರಗೊಂದು ಸಣ್ಣ ಪೆಟ್ಟಿಗೆ ಅವನ್ನು ಏರಿಳಿಯುವ ವಿದ್ಯುತ್ತಾಗಿ ಮಾಡುತ್ತದೆ. ಅದನ್ನು ರೇಡಿಯೋಕ್ಕೆ ಕೊಟ್ಟರೆ ದನಿ. ಪೆಟ್ಟಿಗೆಯೊಳಗೆ ಬೇಕಾದದ್ದು ವಿದ್ಯುತ್ತನ್ನು ತಡೆಯುವ, ಕಾಳಿನಷ್ಟು ಸಣ್ಣ ರೆಸಿಸ್ಟರುಗಳನ್ನು ಏಣಿಯಂತೆ ಜೋಡಿಸಿದ ಒಂದು ಸಾಲು, ಅಷ್ಟೇ. ಗುಲಬರ್ಗಾದಿಂದ ಅವನ್ನು ತಂದು, ಕಾಕು ಕೊಟ್ಟ ಕುಂಕುಮದ ಡಬ್ಬಿಯೊಳಗೆ ಕೂಡಿಸಿ ಬೆಸೆದೆ.

ಇನ್ನು ದನಿ ಯಾರದು? ಮಾಸ್ತರರು ತಟ್ಟನೆ, "ನಮ್ಮಾಕಿದು," ಎಂದರು. ನನಗೆ ಆಶ್ಚರ್ಯವಾಯಿತು. ಕಾಕು ಸಾಲಿಯ ಮೆಟ್ಟಿಲು ಹತ್ತಿದವರಲ್ಲ.

"ನನಗ ಅಕ್ಷರ ಬರಲ್ರಿ. ಹಾಸ್ಯ ಮಾಡಾಕತ್ತೀರೇನು?" ಎಂದರು ಕಾಕು, ಸೆರಗು ಬಾಯಿಗೆ ಒತ್ತಿಕೊಂಡು.

"ಇಡೀ ತಾಲೂಕಿಗಿ ಕಲಿಸೇನಿ, ನಿನಗ ಕಲಿಸೋದ್ ಬಿಟ್ಟೀನಿ. ಕುಂದ್ರು ಬಾ."

ಆ ಚಳಿಗಾಲದ ಇಳಿಹೊತ್ತುಗಳು… ಕನಸಿನಲ್ಲಿ ಕಂಡವೋ ಎಂಬಂತೆ ಈಗ ತೇಲಿ ಬರುತ್ತವೆ. ಹಿತ್ತಲ ಬಾಗಿಲಿಂದ ಬೀಳುವ ಹಳದಿ ಬಿಸಿಲು, ನೆಲದ ಮೇಲೆ ಎದುರುಬದುರು ಕೂತ ಇಬ್ಬರು. ಪಾಟಿಯ ಮೇಲೆ ಬರೆದು ತೋರಿಸಲು ಅವರಿಗೆ ಕಣ್ಣು ಸಾಲದು. ಹಾಗಾಗಿ ಹೆಂಡತಿಯ ಅಂಗೈ ಬಿಡಿಸಿ ಹಿಡಿದು, ಅದರ ಮೇಲೆ ತೋರುಬೆರಳಿನಿಂದ ಅಕ್ಷರ ಬರೆಯುತ್ತಿದ್ದರು. ಕಾಕು ಕಣ್ಣು ಮುಚ್ಚಿ ಅದನ್ನು ಹಿಡಿಯುತ್ತಿದ್ದರು. ತಲಕಟ್ಟು, ಕೊಂಬು, ಏತ್ವ, ಎಲ್ಲ ಹಾಗೆಯೇ ಬಂದವು. "ಇದು ಗುಡಿಸು," ಎಂದಾಗ ಮಾತ್ರ ಕಾಕು ನಕ್ಕುಬಿಟ್ಟರು.

"ಗುಡಿಸೂದು ದಿನಾ ನನಗೇ ಹತ್ತೇದ. ಇಲ್ಲೂ ಬಿಡಂಗಿಲ್ಲೇನು?"

ಕಾಕು ಅಷ್ಟು ನಕ್ಕದ್ದನ್ನು ನಾನು ಅದೇ ಮೊದಲು ನೋಡಿದ್ದು. ಆ ಮನೆಯಲ್ಲಿ ಮಾತೇ ಕಡಿಮೆಯಿತ್ತು. ಮೂವತ್ತು ವರ್ಷಗಳ ಸಂಸಾರದಲ್ಲಿ ಅಷ್ಟು ಹೊತ್ತು ಕೈ ಹಿಡಿದು ಕೂತದ್ದೂ ಅದೇ ಮೊದಲಿರಬೇಕು.

ಸಂಕ್ರಾಂತಿಯ ಮುಂದೆ ಮೂವರೂ ಬಸ್ಸು ಹತ್ತಿ ಗುಲಬರ್ಗಾಕ್ಕೆ ಹೋದೆವು. ಭೀಮೆಯ ಸೇತುವೆ ಬಂದಾಗ ಕಾಕು ಕಿಟಕಿಯಿಂದ ಕೈಮುಗಿದು, ನೀರು ಎಷ್ಟಿದೆಯೆಂದು ಮಾಸ್ತರರಿಗೆ ಹೇಳಿದರು. ನನ್ನ ಕಾಲೇಜಿನ ಗೆಳತಿಯ ಮನೆಯಲ್ಲಿ ದನಿ ತುಂಬಿಕೊಳ್ಳುವ ಕಂಪ್ಯೂಟರಿತ್ತು. ಫ್ಯಾನು ಆರಿಸಿ, ಬಾಗಿಲು ಹಾಕಿ ಕೂಡಿಸಿದೆವು. ಮೈಕು ಕಂಡು ಕಾಕುವಿನ ಬಾಯೊಣಗಿತು, ಕಲಿತದ್ದೆಲ್ಲ ಮರೆತುಹೋಯಿತು. ಮಾಸ್ತರರು ಮಾತಾಡದೆ ಅವರ ಅಂಗೈ ಎಳೆದುಕೊಂಡು ಬರೆಯತೊಡಗಿದರು. ಅವರು ಬರೆದಂತೆ ಕಾಕು ಒಂದೊಂದೇ ಅಕ್ಷರ ಹೇಳಿದರು. ಕೋಣೆಯಲ್ಲಿ ಬೇರೆ ಸದ್ದಿಲ್ಲ. ಕೊನೆಯ ಅಕ್ಷರ ಮುಗಿದದ್ದೇ ಕಾಕು, "ಇನ್ನ ನೀರು ಕೊಡ್ರಿ," ಎಂದರು.

ಆ ದನಿಯನ್ನು ಫ್ಲಾಪಿಗಳಲ್ಲಿ ಜೇವರ್ಗಿಗೆ ತಂದು, ಒಂದೊಂದು ಕೀಲಿಗೆ ಒಂದೊಂದು ಅಕ್ಷರ ಹೇಳುವಂತೆ ಪ್ರೋಗ್ರಾಮು ಬರೆದೆ. ಕುಂಕುಮದ ಡಬ್ಬಿಯನ್ನು ಕಂಪ್ಯೂಟರಿನ ಹಿಂದೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ಮಾಸ್ತರರ ಹಳೆಯ ರೇಡಿಯೋಕ್ಕೆ ಕೊಟ್ಟೆ. ಕೀಲಿ ಒತ್ತಿದರೆ ಗೊರಗೊರ ಸದ್ದು.

"ಇದು ನನ್ನ ದನಿಯೇನು? ಕಪ್ಪಿ ಒದರಿದ್ಹಂಗ ಅದಲ್ಲ!" ಎಂದರು ಕಾಕು.

ತಂತಿಗಳ ಸರದಿ ಅದಲುಬದಲಾಗಿತ್ತು. ಬಿಚ್ಚಿ ಮತ್ತೆ ಬೆಸೆದೆ. ರಾಳದ ಹೊಗೆ ಬಿಸಿಲಕೋಲಿನಲ್ಲಿ ಸುರುಳಿ ಸುತ್ತುತ್ತಿತ್ತು. ಈ ಸಲ ಮಾಸ್ತರರ ಬೆರಳನ್ನೇ ಹಿಡಿದು ಕೀಲಿಯ ಮೇಲಿಟ್ಟೆ. ಒತ್ತಿದರು.

"ಅ."

ಮಾಸ್ತರರು ತಟ್ಟನೆ ಹಿತ್ತಲ ಬಾಗಿಲ ಕಡೆ ಮುಖ ತಿರುಗಿಸಿ, "ಏನ್ ಬೇ, ಕರದೇನು?" ಎಂದರು.

"ನಾ ಇಲ್ಲೇ ನಿಮ್ಮ ಬಾಜೂಕ ನಿಂತೇನ್ರಿ," ಎಂದರು ಕಾಕು.

ಮಾಸ್ತರರು ಇನ್ನೊಮ್ಮೆ ಒತ್ತಿದರು. ಮತ್ತೊಮ್ಮೆ. ಆಮೇಲೆ ಬೇರೆ ಕೀಲಿ, ಇನ್ನೊಂದು… ಕತ್ತು ಒಂದು ಕಡೆ ವಾಲಿಸಿ ಕೇಳುತ್ತಲೇ ಹೋದರು. ಕಾಕು ನಾಚಿ ಒಳಗೆ ಹೋದರು. ಒಳಗಿಂದಲೂ ಕೇಳುತ್ತಿದ್ದರೆಂದು ನನಗೆ ಗೊತ್ತು. ಪಾತ್ರೆಯ ಸದ್ದು ನಿಂತಿತ್ತು.

ದೀಪಾವಳಿ ದಾಟಿ ಎಷ್ಟೋ ದಿನಗಳಾಗಿದ್ದವು. ಕ್ಲಾಸು ಮುಚ್ಚುವ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ. ಟೈಪ್‌ರೈಟರಿನ ಮೇಲೆ ಕೈ ಪಳಗಿಸಿಕೊಂಡ ಮಕ್ಕಳು ಸರದಿಯಂತೆ ಕಂಪ್ಯೂಟರಿನ ಮುಂದೆ ಕೂರುತ್ತಿದ್ದರು. ಕೀಲಿಗಳಿಗೆ ಕನ್ನಡ ಅಕ್ಷರದ ಚೀಟಿ ಅಂಟಿಸಿದ್ದೆ. ಅವರು ಒತ್ತಿದಂತೆ ಕಾಕುವಿನ ದನಿ ಅಕ್ಷರ ಹೇಳುತ್ತಿತ್ತು. ಮಾಸ್ತರರು ಕಣ್ಣು ಮುಚ್ಚಿ ಕೂತಿರುತ್ತಿದ್ದರು. "ಕೊಂಬು ಬಿಟ್ಟಿ ನೋಡು, ವಾಪಸ್ ಹೋಗು," ಎನ್ನುವರು. "ಗುಡಿಸು" ಬಂದಾಗಲೆಲ್ಲ ಮಕ್ಕಳು ಕಿಸಕ್ಕನೆ ನಗುತ್ತಿದ್ದರು, ಅವರೂ ನಗುತ್ತಿದ್ದರು. ಇಜೇರಿಯ ಹುಡುಗಿ ಪರೀಕ್ಷೆ ಪಾಸಾಗಿ ಪೇಢೆ ತಂದಳು. ಮೊದಲ ಪೇಢೆಯನ್ನು ಕಾಕುವಿನ ಬಾಯಿಗೇ ಇಟ್ಟಳು.

ಆಮೇಲೆ ನನ್ನ ಮದುವೆಯಾಗಿ ಆಳಂದಕ್ಕೆ ಬಂದೆ. ಕಂಪ್ಯೂಟರನ್ನೂ ಡಬ್ಬಿಯನ್ನೂ ಅಲ್ಲಿಯೇ ಬಿಟ್ಟೆ. ಕೆಲವು ವರ್ಷಗಳ ಮೇಲೆ ಟೈಪ್‌ರೈಟರನ್ನು ಕೇಳುವವರೇ ಇಲ್ಲವಾದರು. ಮಾಸ್ತರರ ಕಣ್ಣು ಪೂರ್ತಿ ಹೋಗಿತ್ತು. ವಿದ್ಯಾರ್ಥಿಗಳು ಬರದಿದ್ದರೂ ಮುಂಜಾನೆ ಎದ್ದು ಕೀಲಿ ಒತ್ತುತ್ತ ಕೂರುತ್ತಿದ್ದರಂತೆ. ಒಂದು ಬೇಸಿಗೆಯಲ್ಲಿ ಅವರು ತೀರಿಕೊಂಡ ಸುದ್ದಿ ಬಂತು. ಆಗ ನಾನು ಚೊಚ್ಚಲ ಬಸುರಿ, ಹೋಗಲಾಗಲಿಲ್ಲ.

ಕಾಕು ಅಫಜಲಪುರದಲ್ಲಿ ಮಗಳ ಮನೆ ಸೇರಿದರು. ಬಹಳ ದಿನಗಳ ಮೇಲೆ ನೋಡಲು ಹೋದಾಗ ವಚನದ ಪುಸ್ತಕ ಹಿಡಿದು ಕೂತಿದ್ದರು. ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು ಓದುತ್ತಿದ್ದರು. ನಾನು ಆ ಫ್ಲಾಪಿಗಳನ್ನು ಕೇಳಿದೆ. ಬೂಷ್ಟು ಹತ್ತಿದ್ದವು ಎಂದು ಅಳಿಯ ಎಸೆದಿದ್ದನಂತೆ. ನನಗೆ ಕೆಡುಕೆನಿಸಿತು. ಹೇಗಾದರೂ ತೆಗೆಯಬಹುದಿತ್ತಲ್ಲ, ನಿಮ್ಮ ದನಿ ಉಳಿಯುತ್ತಿತ್ತಲ್ಲ ಎಂದೆ.

ಕಾಕು ಪುಸ್ತಕ ಮಡಚಿದರು.

"ನಂದು ಹೋಗ್ಲಿ ಬಿಡವ್ವಾ. ಅವರದೊಂದ್ ಮಾತು ತುಂಬಿ ಇಡಬೇಕಂತ ಮೂರು ಮಂದ್ಯಾಗ ಒಬ್ಬರಿಗೂ ಹೊಳೀಲಿಲ್ಲ ನೋಡು…"

ಕಾಕುವೂ ಈಗ ಇಲ್ಲ.

ಮೊನ್ನೆ ಮಗಳು, "ಯಾರ ನೆನಪಾಯ್ತಮ್ಮಾ?" ಎಂದಳು. ಇಷ್ಟನ್ನೂ ಹೇಳಿದೆ. ಮಾಸ್ತರರ ದನಿ ಹೇಗಿತ್ತು ಎಂದು ಕೇಳಿದಳು. ದಪ್ಪಗಿತ್ತೇ, ಸ್ವಲ್ಪ ಗೊಗ್ಗರಾಗಿತ್ತೇ… ಎಷ್ಟು ಕಿವಿಗೊಟ್ಟರೂ ಹತ್ತಿರ ಬರಲಿಲ್ಲ. ಅವರ ಮಾತುಗಳೆಲ್ಲ ನೆನಪಿದ್ದವು. ಅವನ್ನು ನನ್ನ ದನಿಯಲ್ಲಿಯೇ ಹೇಳಬೇಕಾಯಿತು.